ಎರಡು ಥ್ರಾಟಲ್ ಬಾಡಿಗಳ ತೀರ್ಪು

ಭಾವನವರು ಪಿಕಪ್ ಟ್ರಕ್ ಕೊಂಡು ಮೂರು ವರ್ಷವಾಗಿತ್ತು. ಸೀಟಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇತ್ತು. ಕೂತವರ ಬೆನ್ನು ಬೆವರಿದರೂ ಅದನ್ನು ಕೀಳುವ ಹಕ್ಕು ಯಾರಿಗೂ ಇರಲಿಲ್ಲ.

ಟ್ರಕ್ಕಿನ ವೇಗ ಸಾಲದೆಂದು ಈಗ ದುಬಾರಿ ಏರ್ ಫಿಲ್ಟರ್ ಕೂರಿಸಿದ್ದರು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ಎರಡು ಕಂಪನಿಗಳಿಂದ ತರಿಸಿ, ಯಾವುದು ಮೇಲೆಂದು ಯೂಟ್ಯೂಬಿನಲ್ಲಿ ತೀರ್ಪು ಕೊಡಲು ನಿಂತಿದ್ದರು. ಕ್ಯಾಮೆರಾ ನನ್ನ ಕೈಯಲ್ಲಿತ್ತು.

ಮೊದಲನೆಯದನ್ನು ಹಾಕಿದರು. ಎಂಜಿನ್ ಕೆಮ್ಮಿ ನಿಂತಿತು.

"ದಂಡ! ಕಂಪನಿಯೋರಿಗೆ ನಾಚ್ಕೆ ಆಗ್ಬೇಕು."

ಬಾಯಿ ಇನ್ನೂ ಅಗಲವಿದ್ದ ಎರಡನೆಯದನ್ನು ಹಾಕಿದರು. ಮತ್ತೆ ಅದೇ ಕೆಮ್ಮು.

"ನೋಡಿ ವೀಕ್ಷಕರೇ, ಎರಡೂ ಡಬ್ಬಾ. ಇವನ್ನ ಮಾಡಿದೋರಿಗೆ ಎಂಜಿನ್ನಿಗೆ ಗಾಳಿ ಬೇಕು ಅನ್ನೋದೇ ಗೊತ್ತಿಲ್ಲ!"

ಆ ಎರಡನೆಯದನ್ನು ಹತ್ತಿರದಿಂದ ತೋರಿಸಲೆಂದು ನಾನು ಬಾನೆಟ್ಟಿನೊಳಗೆ ಬಗ್ಗಿದೆ.

"ಭಾವ, ಏರ್ ಫಿಲ್ಟರಿಗೆ ಸುತ್ತಿರೋ ಪ್ಲಾಸ್ಟಿಕ್ ಕವರ್ ನೀವು ಬಿಚ್ಚೇ ಇಲ್ವಲ್ಲ!"

ಕವರ್ ಬಿಚ್ಚಲು ಚಾಚಿದ ನನ್ನ ಕೈಗೆ ಭಾವ ಫಟ್ಟೆಂದು ಹೊಡೆದರು.

"ಏಯ್, ಮುಟ್ಬೇಡ! ಹೊಸದು ಕಣೋ, ಧೂಳು ಕೂರುತ್ತೆ."