ಚಕ್ರಕ್ಕೆ ಸುತ್ತಿಕೊಂಡ ಕೂದಲು

ಬಿಚ್ಚಿಟ್ಟ ವೈರ್‌ಲೆಸ್ ಮೌಸ್‌ನೊಳಗೆ ರಿಪೇರಿಯವನು ಚಿಮುಟ ಹಾಕಿ ಎಳೆದಾಗ, ಚಕ್ರವನ್ನು ತಿರುಗಗೊಡದೆ ಬಿಗಿದಿದ್ದ ಉದ್ದನೆಯ ಕೂದಲೊಂದು ಸುರುಳಿ ಬಿಚ್ಚುತ್ತ ಹೊರಬಂದಿತು. “ಇಲಿಗೂ ಜಡೆ ಹೆಣೆದಿದ್ದೀರಲ್ಲ!” ಎಂದು ಅವನು ನಕ್ಕನು.

“ನಾನು ಹೇಳ್ಲಿಲ್ವಾ?” ಎಂದು ಹೆಡ್‌ಕ್ಲರ್ಕ್ ಮೇಡಂ ಇಡೀ ಕಚೇರಿಗೆ ಕೇಳುವಂತೆ ಹೊಸ ಟೈಪಿಸ್ಟ್ ಹುಡುಗಿಯತ್ತ ತಿರುಗಿದರು. “ಇಲ್ಲಿಗೆ ಕೆಲಸಕ್ಕೆ ಬರ್ತೀಯೋ, ತಲೆ ಬಾಚ್ಕೊಳ್ಳೋಕೆ ಬರ್ತೀಯೋ? ಇವತ್ತೇ ಸಾಹೇಬ್ರಿಗೆ ಹೇಳಿ ನಿನ್ನ ಕೆಲಸದಿಂದ ಬಿಡಿಸ್ತೀನಿ.” ಬೆಳಿಗ್ಗೆ ಮೇಡಂ, ಮಧ್ಯಾಹ್ನ ಆ ಹುಡುಗಿ ಬಳಸುತ್ತಿದ್ದ ಮೌಸ್ ಅದು.

ರಿಪೇರಿಯವನು ಕೂದಲನ್ನು ನೀಲಿ ಪ್ಯಾಡಿನ ಮೇಲೆ ನೀಳವಾಗಿ ಚಾಚಿದನು. ಬುಡದಿಂದ ಎರಡು ಬೆರಳಿನಷ್ಟು ಅಚ್ಚಬಿಳುಪು. ಅಲ್ಲಿಂದ ತುದಿಯವರೆಗೆ ಬಣ್ಣ ಹಚ್ಚಿದ ಕಪ್ಪು. ಮೇಡಂ ಅವರ ಕೈ ತಾನಾಗಿಯೇ ಬೈತಲೆಯತ್ತ ಹೋಯಿತು. ಹುಡುಗಿಯೂ ಅದನ್ನು ಕಂಡಳು. ಏನು, ಏನು ಎಂದು ಅಕ್ಕಪಕ್ಕದವರು ಕುರ್ಚಿಯಿಂದೇಳುವಷ್ಟರಲ್ಲಿ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಮುಷ್ಟಿ ಮುಚ್ಚಿದಳು.

“ನಂದೇ ಮೇಡಂ. ನಾಳೆಯಿಂದ ಗಟ್ಟಿಯಾಗಿ ಜಡೆ ಹಾಕ್ಕೊಂಡು ಬರ್ತೀನಿ,” ಎಂದಳು.

ಅಲ್ಲ, ಅದು ನನ್ನದು ಎನ್ನಲು ಮೇಡಂ ಬಾಯಿ ತೆರೆದರು. ಆದರೆ ಎಲ್ಲರೂ ತಮ್ಮ ತಲೆಯನ್ನೇ ನೋಡುತ್ತಿದ್ದಾರೆ ಎನಿಸಿತು.

“ಹೂಂ, ಹಾಗೇ ಮಾಡು,” ಎಂದುಬಿಟ್ಟರು. ಆಮೇಲೆ ಆ ಮುಚ್ಚಿದ ಮುಷ್ಟಿಯಿಂದ ಮೇಲಕ್ಕೆ, ಹುಡುಗಿಯ ಮುಖದವರೆಗೆ, ಅವರಿಗೆ ಕಣ್ಣೆತ್ತಲಾಗಲಿಲ್ಲ.