ರಾಣಿಯ ಪಾತ್ರಧಾರಿ

"ನಿಮ್ಮ ಸೈಫುದ್ದೀನ್ ಸೀರಿ ಉಡ್ತಾನಂತಲ್ರೀ?"

ಅಕ್ಕಿ ಗಿರಣಿಯ ಪರಮಣ್ಣ ಬಳೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ, ದೊಡ್ಡ ವಿಷಯವೇನಲ್ಲ ಎಂಬಂತೆ ಕೇಳಿದ. ಅಂಗಡಿಯ ಮಾಲೀಕ ಬುರ್ಹಾನುದ್ದೀನನ ಕೈಯಲ್ಲಿದ್ದ ಗಾಜಿನ ಬಳೆ ಚಟ್ಟೆಂದು ಮುರಿಯಿತು.

ಪರಮಣ್ಣನ ಮಗನೂ ಜೆಸ್ಯೂಟ್ ಪಾದ್ರಿಗಳ ಕಾಲೇಜಿನಲ್ಲೇ ಓದುತ್ತಿದ್ದ. ಹೊಸ ಸೆಮಿಸ್ಟರಿನ ಸುದ್ದಿಯೆಲ್ಲ ನೋಟೀಸ್ ಬೋರ್ಡಿಗಿಂತ ಮೊದಲು ಈ ಮೆಟ್ಟಿಲಿಗೆ ಬಂದು ಬೀಳುತ್ತಿತ್ತು. ಶನಿವಾರ ಕಬಡ್ಡಿ ತಂಡದ ಆಯ್ಕೆ. ಮುಂದಿನ ತಿಂಗಳು ಮಟಮಾರಿಯಲ್ಲಿ ಶ್ರಮದಾನ. ಅದಕ್ಕೂ ಮೊದಲು, ಬುಧವಾರ ಸಂಜೆ, ಕಾಲೇಜು ಶುರುವಾದದ್ದಕ್ಕೆ ಸಮಾರಂಭ ಮತ್ತು ನಾಟಕ. ಅದು ಗಂಡುಹುಡುಗರ ಕಾಲೇಜು. ಹೆಣ್ಣುಪಾತ್ರಕ್ಕೂ ಅವರೇ ಗತಿ. ರಾಣಿಯ ಪಾತ್ರದ ಮುಂದೆ ಸೈಫುದ್ದೀನನ ಹೆಸರಿತ್ತು.

"ಓದಾಕ ಕಳಿಸೀನಿ, ಕುಣ್ಯಾಕಲ್ಲ," ಎಂದ ಬುರ್ಹಾನುದ್ದೀನ್.

"ಕುಣ್ಯಾದೇನಿಲ್ರಿ. ಬರೀ ಮಾತು. ಆದ್ರ ಬಳಿ ತೊಡಬೇಕಂತ, ಅದಕ್ಕ ನಿಮಗೇನು ಕಮ್ಮಿ?" ಪರಮಣ್ಣ ಬಸಿ ಕೆಳಗಿಟ್ಟು ಎದ್ದುಹೋದ.

ತೀರಿಹೋದ ಅಣ್ಣನ ಇಬ್ಬರು ಮಕ್ಕಳನ್ನು ಬುರ್ಹಾನುದ್ದೀನ್ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ. ಪ್ರೀತಿಗೆ ಕೊರತೆಯಿರಲಿಲ್ಲ. ಹಟಕ್ಕೂ ಇರಲಿಲ್ಲ. ಲತೀಫಾ ಪಿಯುಸಿ ಪಾಸಾದಾಗ ಬಜಾರಿಗೆಲ್ಲ ಪೇಢೆ ಹಂಚಿದವನೇ, ಮರುದಿನ ಅವಳ ಪಾಟೀಚೀಲವನ್ನು ಅಟ್ಟಕ್ಕೆ ಹಾಕಿದ್ದ. ಅವಳು ಊಟ ಬಿಟ್ಟಳು, ಅತ್ತಳು, ವಾದ ಮಾಡಿದಳು. ಅವನು ಜಗ್ಗಲಿಲ್ಲ. ಮನೆತನದ ಹೆಸರು ಇನ್ನು ಅವಳ ಅಣ್ಣ ಸೈಫುದ್ದೀನನ ಕೈಯಲ್ಲಿತ್ತು. ಅವನೋ ಸೀರೆ ಉಡಲು ಹೊರಟಿದ್ದ.

ಮನೆಗೆ ಬಂದರೆ ಒಳಕೋಣೆಯಿಂದ ಹೆಣ್ಣುದನಿ ಕೇಳಿಸಿತು. "ಸಿಂಹಾಸನ ನಿಮ್ಮದಿರಬಹುದು ಪ್ರಭು, ತಲೆ ನನ್ನದು. ಅದು ಬಾಗುವುದಿಲ್ಲ."

ಬಾಗಿಲು ದೂಡಿದ. ಪುಸ್ತಕ ಹಿಡಿದು ನಿಂತಿದ್ದ ಸೈಫುದ್ದೀನ್ ಬೆಚ್ಚಿಬಿದ್ದ. ಲತೀಫಾ ಓಢಣಿ ಸರಿಮಾಡಿಕೊಂಡು ಗೋಡೆಗೆ ಸರಿದಳು.

"ದನಿ ಸುದ್ದಾ ಹೆಂಗಸಿಂದು ಮಾಡ್ಕೊಂಡಿಯೇನಲೇ? ನಾಚಿಕಿ ಬರಂಗಿಲ್ಲ ನಿನಗ?"

ಉತ್ತರ ಕೊಟ್ಟವಳು ಲತೀಫಾ. "ರಾಣಿ ಗಂಡಸಿನಂಗ ಮಾತಾಡಿದ್ರ ಮಂದಿ ನಗತಾರ, ಚಾಚಾ."

"ನೀ ಸುಮ್ನಿರು. ಸೈಫು, ಸೀರಿ ಉಟ್ಟು ಸ್ಟೇಜ್ ಹತ್ತಿದಿ ಅಂದ್ರ ಅವತ್ತಿಗೇ ಕಾಲೇಜು ಬಂದ್. ಅಂಗಡ್ಯಾಗ ಕುಂತು ಬಳಿ ತೊಡಿಸ್ಬೇಕು ನೋಡು."

"ನಾ ಉಟ್ರ ಬಿಡಸ್ರಿ ಚಾಚಾ. ನಾ ಉಡಂಗಿಲ್ಲ."

"ಖಸಮ್ ಹಾಕು."

"ಖುದಾ ಕಿ ಖಸಮ್," ಎಂದ ಸೈಫುದ್ದೀನ್, ಕಣ್ಣು ತಪ್ಪಿಸದೆ.

ಎರಡು ದಿನ ಬಿಟ್ಟು ಮಾನ್ವಿಯಲ್ಲಿದ್ದ ಬುರ್ಹಾನುದ್ದೀನನ ಅಕ್ಕ ಕುಬ್ರಾ ಬೇಗಂ ಬಂದು, ಸ್ವಲ್ಪ ದಿನ ತನ್ನ ಜೊತೆಗಿರಲಿ ಎಂದು ಲತೀಫಾಳನ್ನು ಕರೆದುಕೊಂಡು ಹೋದಳು. ಒಳ್ಳೆಯದೇ ಆಯಿತು, ಅಣ್ಣನ ಹುಚ್ಚಾಟ ತಂಗಿಯ ಕಣ್ಣಿಗೆ ಬೀಳುವುದು ಬೇಡ ಎಂದುಕೊಂಡ ಬುರ್ಹಾನುದ್ದೀನ್. ಆದರೆ ನೋಟೀಸ್ ಬೋರ್ಡಿನಲ್ಲಿ ಹೆಸರು ಬದಲಾಗಲಿಲ್ಲ. ದೇವರ ಮೇಲೆ ಸುಳ್ಳು ಆಣೆ ಹಾಕಿದನಲ್ಲ ಹುಡುಗ ಎಂದು ಅವನ ಮೈಯೆಲ್ಲ ಉರಿಯಿತು.

ಬುಧವಾರ ಅಂಗಡಿಗೆ ಬೇಗ ಬೀಗ ಹಾಕಿ, ಬೆತ್ತ ಹಿಡಿದು ಕಾಲೇಜಿಗೆ ನಡೆದ. ಮಾತು ಬೇಡ, ಗದ್ದಲ ಬೇಡ. ರಟ್ಟೆ ಹಿಡಿದು ಎಳೆದುಕೊಂಡು ಬಂದರಾಯಿತು.

ವೇದಿಕೆಯ ಮೇಲೆ ಪ್ರಿನ್ಸಿಪಾಲ್ ಫಾದರ್ ಲೋಬೋ ತಮ್ಮ ಮಂಗಳೂರಿನ ಅಚ್ಚುಕಟ್ಟು ಕನ್ನಡದಲ್ಲಿ ಸೆಮಿಸ್ಟರಿನ ಕಾರ್ಯಕ್ರಮ ಓದುತ್ತಿದ್ದರು. "ಇನ್ನೊಂದು ದೊಡ್ಡ ಸುದ್ದಿ ಉಳಿದಿದೆ. ಅದು ನಾಟಕ ಮುಗಿದ ಮೇಲೆ," ಎಂದು ಕೆಳಗಿಳಿದರು. ದೀಪ ಆರಿತು. ಪರದೆ ಸರಿಯಿತು.

ರಾಣಿ ಬಂದಳು. ಬಣ್ಣ, ಕಿರೀಟ, ಮೊಣಕೈವರೆಗೆ ಬಳೆ. ಬಳೆ ತನ್ನ ಅಂಗಡಿಯದೇ ಎಂದು ಬುರ್ಹಾನುದ್ದೀನನಿಗೆ ದೂರದಿಂದಲೇ ಗೊತ್ತಾಯಿತು. ಬೆತ್ತ ಬಿಗಿಹಿಡಿದು ಕುರ್ಚಿಗಳ ನಡುವೆ ನುಗ್ಗಿದ. ಅಷ್ಟರಲ್ಲಿ ರಾಣಿ ನೇರ ಅವನತ್ತ ತಿರುಗಿದಳು. "ತಲೆ ನನ್ನದು. ಅದು ಬಾಗುವುದಿಲ್ಲ."

ಕತ್ತಲಲ್ಲಿ ಯಾರೋ ಅವನ ಮುಂಗೈ ಹಿಡಿದು ಜಗ್ಗಿ ಖಾಲಿ ಕುರ್ಚಿಯಲ್ಲಿ ಕೂಡಿಸಿದರು. ಅವನು ಕೊಸರಿಕೊಳ್ಳಲಿಲ್ಲ. ವೇದಿಕೆಯ ಮೇಲಿದ್ದದ್ದು ತೀರಿಹೋದ ಅಣ್ಣನ ಹಣೆ, ಅಣ್ಣನ ನಿಲುವು. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲದೆ ನೌಕರಿ ಕಳೆದುಕೊಂಡ ಮನುಷ್ಯ ಆ ಅಣ್ಣ. ರಾಜ ಗದರಿದ, ಸೈನಿಕರು ಕತ್ತಿ ಎತ್ತಿದರು, ರಾಣಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಬುರ್ಹಾನುದ್ದೀನನಿಗೆ ಅಳು ತಡೆಯಲಾಗಲಿಲ್ಲ. ಪಕ್ಕದವರು ಮುಖ ತಿರುಗಿಸದೆಯೇ ಕರವಸ್ತ್ರ ಕೊಟ್ಟರು, ಒರೆಸಿಕೊಂಡ.

ಪರದೆ ಬಿದ್ದು ಮತ್ತೆ ಎದ್ದಾಗ ಚಪ್ಪಾಳೆ ನಿಲ್ಲಲೊಲ್ಲದು. ಎದುರಿನ ಸಾಲಿನಲ್ಲಿ ಪರಮಣ್ಣ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಫಾದರ್ ಮೈಕಿನ ಮುಂದೆ ಬಂದರು.

"ರಾಣಿಯ ಮನೆಯ ಹಿರಿಯರು ಬಂದಿದ್ದೀರಾ?"

ಬುರ್ಹಾನುದ್ದೀನ್ ಎದ್ದುನಿಂತ. ಬೆತ್ತ ಎಲ್ಲಿ ಬಿತ್ತೋ ಅವನಿಗೇ ಗೊತ್ತಿರಲಿಲ್ಲ. "ನಮ್ಮ ಮನಿ ಕೂಸರಿ. ನಮ್ಮ ಅಣ್ಣನ ರಕ್ತ."

"ಈ ಮಗುವನ್ನು ಮುಂದೆ ಓದಿಸುತ್ತೀರಾ?"

"ಎಷ್ಟು ಓದ್ತದೋ ಅಷ್ಟು ಓದ್ಲಿ ಫಾದರ್. ನಾಟಕನೂ ಮಾಡ್ಲಿ. ಯಾವನಾರ ಅಡ್ಡ ಬರಲಿ, ನಾ ನೋಡ್ಕೋತೀನಿ. ಇಷ್ಟು ಮಂದಿ ಮುಂದ ಹೇಳಾಕತ್ತೀನಿ, ಇದು ನನ್ನ ಜಬಾನ್."

ಸಭೆ ಮತ್ತೊಮ್ಮೆ ಗುಡುಗಿತು. ಫಾದರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಹಾಗಾದರೆ ದೊಡ್ಡ ಸುದ್ದಿ ಹೇಳುತ್ತೇನೆ. ಈ ವರ್ಷದಿಂದ ನಮ್ಮ ಕಾಲೇಜಿಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತೇವೆ. ಮೊದಲು ಸೇರುತ್ತಿರುವ ಹುಡುಗಿಯ ಹೆಸರನ್ನು ಅವಳ ಹಿರಿಯರ ಬಾಯಿಂದಲೇ ಕೇಳೋಣ." ಅವರು ಮೈಕನ್ನು ಬುರ್ಹಾನುದ್ದೀನನತ್ತ ಚಾಚಿದರು.

ಹುಡುಗಿಯ ಹೆಸರನ್ನು ತಾನೇಕೆ ಹೇಳಬೇಕೆಂದು ತಿಳಿಯದೆ ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ಲತೀಫಾ ಅನ್ರಿ, ಚಾಚಾ," ಎಂದ ಸೈಫುದ್ದೀನ್, ಪಕ್ಕದ ಕುರ್ಚಿಯಿಂದ ಎದ್ದು ನಿಲ್ಲುತ್ತ.