ತಪ್ಪಿ ಹೋದ ದನಿ

ಗದಗಿನ ಕನಸು ದುರಸ್ತಿ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ನೀಲವ್ವ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವಳ ದೂರು ಒಂದೇ: ತೀರಿಹೋದ ಗಂಡ ಕನಸಿಗೆ ಬರುತ್ತಾನೆ, ಬಾಯಿ ಆಡಿಸುತ್ತಾನೆ, ದನಿ ಮಾತ್ರ ಬರುವುದಿಲ್ಲ.

“ಏನೋ ಕೇಳ್ತಾರವ್ವಾ. ನಾ ಉತ್ತರ ಕೊಡಲಿಲ್ಲಂತ ಮುಖಾ ಸಣ್ಣದು ಮಾಡ್ಕೊಂಡು ಹೋಗ್ತಾರ.”

“ಅವರದು ಮೊದಲಿಂದಾನೂ ಮಾತು ಜಾಸ್ತಿ ಏನ್ ದೊಡ್ಡವ್ವಾ?” ಎಂದಳು ಕಂಪ್ಯೂಟರಿನ ಮುಂದಿದ್ದ ಗುಮಾಸ್ತೆ ಮಧುಮತಿ.

“ಒಂದ್ ಗಳಿಗಿ ಸುಮ್ಮನಿರ್ರಿ ಅಂತಿದ್ದೆ. ಇದ್ದಾಗ ಕೇಳಲಿಲ್ಲ, ಈಗ ಕೇಳ್ಯಾರ ನೋಡು.”

ಆ ಕಚೇರಿಯಲ್ಲಿ ಮೂಕ ಕನಸುಗಳು ಧ್ವನಿ ವಿಭಾಗಕ್ಕೆ ಹೋಗುತ್ತಿದ್ದವು, ಅಪರಿಚಿತರು ನುಗ್ಗಿದ ಕನಸುಗಳು ಕಾವಲು ವಿಭಾಗಕ್ಕೆ. ಒಂದು ವಿಭಾಗದ ದೂರನ್ನು ಇನ್ನೊಂದು ವಿಭಾಗದವರು ಓದುವ ಪದ್ಧತಿ ಇರಲಿಲ್ಲ. ಮಧುಮತಿ ಕಂಪ್ಯೂಟರಿನಲ್ಲಿ ತಾನು ದಿನವೂ ತೆರೆಯುವ ದೂರುಗಳ ಹುಡುಕಾಟದಿಂದ ‘ಧ್ವನಿ ವಿಭಾಗ ಮಾತ್ರ’ ಎಂಬ ಷರತ್ತನ್ನೇ ಕಿತ್ತುಹಾಕಿದಳು. ‘ಬಗೆಹರಿಯದ್ದು’ ಎಂಬುದನ್ನು ಇಟ್ಟುಕೊಂಡು, ‘ದನಿಯುಂಟು, ಮನುಷ್ಯನಿಲ್ಲ’ ಎಂದು ಸೇರಿಸಿದಳು. ಪರದೆಯ ಮೇಲೆ ಒಂದೇ ಒಂದು ದೂರು ಉಳಿಯಿತು, ಬೈಲಹೊಂಗಲದ ಯಾವನೋ ದರ್ಜಿಯದು. ಆ ಹುಡುಕಾಟಕ್ಕೆ ‘ತಪ್ಪಿ ಹೋದ ದನಿಗಳು’ ಎಂದು ಹೆಸರಿಟ್ಟು, ಎಲ್ಲ ವಿಭಾಗಗಳಿಗೂ ಕಾಣುವಂತೆ ಉಳಿಸಿ, ಆಮೇಲೆ ದರ್ಜಿಯ ದೂರನ್ನು ಗಟ್ಟಿಯಾಗಿ ಓದಿದಳು:

“ಯಾರೋ ಮುದುಕ ದಿನಾ ನನ್ನ ಕನಸಿನಾಗ ‘ನೀಲಾ, ಹಿತ್ತಲ ಬಾಗಿಲಾ ಹಾಕಿದೇನು?’ ಅಂತ ಕೇಳ್ತಾನ. ನಮ್ಮ ಮನಿಗೆ ಹಿತ್ತಲಾನೂ ಇಲ್ಲ, ನೀಲಾನೂ ಇಲ್ಲ. ದಯಮಾಡಿ ನಿಲ್ಲಸ್ರಿ.”

ಎರಡೂ ದೂರು ಜೋಡಿಸಿದರೂ ದನಿ ಮರಳಲು ವಾರ ಹಿಡಿಯುತ್ತದೆ ಎಂದು ಮಧುಮತಿ ವಿವರಿಸತೊಡಗಿದಳು. ನೀಲವ್ವನಿಗೆ ಅಷ್ಟು ತಾಳ್ಮೆಯೆಲ್ಲಿ? ಕೌಂಟರಿನ ಕಿಟಕಿಯೊಳಗೆ ತಲೆ ತೂರಿಸಿ ಕಂಪ್ಯೂಟರನ್ನೇ ಗದರಿದಳು:

“ಹಾಕೀನ್ರೀ! ಸುಮ್ಮನ ಮಲಕೋರಿ.”